ಓದುಗರ ಪ್ರಶ್ನೆ: ಜಿಯೋಇನ್ಫರ್ಮ್ಯಾಟಿಕ್ಸ್ ಓದಲಾ, ಬೇಡವಾ?

ಡಿಗ್ರಿ ಮುಗಿಯುವ ಹೊತ್ತಿಗೆ ಬರುವ ಪತ್ರಗಳಲ್ಲಿ ಈ ಸಲ ಜಿಯೋಇನ್ಫರ್ಮ್ಯಾಟಿಕ್ಸ್‌ದೇ ಜೋರು. ಉಪಗ್ರಹದ ಚಿತ್ರ, ಜಿಪಿಎಸ್, ಡ್ರೋನ್, ಸರ್ವೇ ನಕ್ಷೆ ಎಲ್ಲವನ್ನೂ ಸೇರಿಸಿ, ಯಾವ ಜಾಗದಲ್ಲಿ ಏನಿದೆ, ಎಷ್ಟಿದೆ, ಹೇಗೆ ಬದಲಾಗುತ್ತಿದೆ ಎಂದು ಲೆಕ್ಕ ಹಾಕುವ ಓದು ಇದು. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇನೆ, ಉದ್ದದ ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ. ಹೆಸರು ಬೇಡ ಎಂದು ಕೆಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಊರು ಮಾತ್ರ.

ಪ್ರಶ್ನೆ: ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ಭೌತಶಾಸ್ತ್ರ ಮತ್ತು ಗಣಿತ. ಎಂ.ಎಸ್ಸಿ. ಜಿಯೋಇನ್ಫರ್ಮ್ಯಾಟಿಕ್ಸ್‌ಗೆ ಸ್ಕೋಪ್ ಇದೆ ಅಂತ ಒಬ್ಬರು, ಅದೆಲ್ಲ ಸುಮ್ನೆ, ಫಿಸಿಕ್ಸೇ ಓದು ಅಂತ ಇನ್ನೊಬ್ಬರು ಹೇಳುತ್ತಾರೆ. ಕರ್ನಾಟಕದಲ್ಲೇ ಓದಬಹುದಾ? ಕೆಲಸ ಸಿಗುತ್ತಾ? (ಹಾವೇರಿ)

ಉತ್ತರ: ಕರ್ನಾಟಕದಲ್ಲೇ ಓದಬಹುದು. ಆದರೆ ಹೊರಗಿನ ಬೋರ್ಡು ಎಲ್ಲ ಕಡೆ ಒಂದೇ, ಒಳಗಿನ ಪಾಠ ಬೇರೆ ಬೇರೆ. ಕೋರ್ಸು ಯಾವ ವಿಭಾಗದ ಕೈಯಲ್ಲಿದೆ ಅನ್ನೋದನ್ನು ಮೊದಲು ನೋಡಿ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಅದು ಸಾಗರ ಭೂವಿಜ್ಞಾನದವರ ಜೊತೆ ಬೆಳೆದದ್ದು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಭೂಗೋಳದವರ ಜೊತೆ. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲಿ ಹಳ್ಳಿ, ಪಂಚಾಯಿತಿ, ಜಲಾನಯನದ ಕಣ್ಣಿನಿಂದ ಇದೇ ವಿಷಯವನ್ನು ನೋಡುತ್ತಾರೆ. ಎಂ.ಟೆಕ್. ಮಟ್ಟಕ್ಕೆ ಬಂದರೆ ಸುರತ್ಕಲ್ ಎನ್‌ಐಟಿಕೆಯಲ್ಲಿ ಇದು ಜಲಸಂಪನ್ಮೂಲ ವಿಭಾಗದ ಜೊತೆಗಿದೆ. ಕರಾವಳಿ ಕೊರೆತದ ಮೇಲೆ ಕೆಲಸ ಮಾಡುವ ಮೇಷ್ಟ್ರು ಇರುವ ಕಡೆ ಹೋಗಿ ಬೆಂಗಳೂರಿನ ಟ್ರಾಫಿಕ್ ಮೇಲೆ ಪ್ರಾಜೆಕ್ಟ್ ಮಾಡ್ತೀನಿ ಅಂದರೆ ಇಬ್ಬರಿಗೂ ಕಷ್ಟ, ಅಲ್ವಾ?

ಹಾಗಾಗಿ ಸೇರುವ ಮುಂಚೆ ಆ ವಿಭಾಗಕ್ಕೆ ಒಂದು ಸಲ ಹೋಗಿ ಬನ್ನಿ. ಹಿಂದಿನ ಬ್ಯಾಚಿನವರ ಪ್ರಾಜೆಕ್ಟ್ ವರದಿಗಳನ್ನು ಕೇಳಿ ನೋಡಿ. ಎಲ್ಲವೂ ‘ಇಂಥ ತಾಲ್ಲೂಕಿನ ಭೂಬಳಕೆ ನಕ್ಷೆ’ ಅಂತಲೇ ಇದ್ದರೆ, ತಾಲ್ಲೂಕಿನ ಹೆಸರು ಮಾತ್ರ ಬದಲಾಗಿದ್ದರೆ, ಸ್ವಲ್ಪ ಯೋಚಿಸಿ. ಸಿಲೆಬಸ್‌ನಲ್ಲಿ ಅಂಕಿಅಂಶ ಶಾಸ್ತ್ರ ಇದೆಯಾ, ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದೆಯಾ, ಫೀಲ್ಡಿಗೆ ನಿಜವಾಗಿ ಕರೆದುಕೊಂಡು ಹೋಗುತ್ತಾರಾ? ಇವನ್ನು ಮೇಷ್ಟ್ರಿಗಿಂತ ಸೀನಿಯರ್‌ಗಳ ಹತ್ತಿರ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಇನ್ನು ಕೆಲಸ. ಈ ಕ್ಷೇತ್ರದಲ್ಲಿ ಎರಡು ಥರದ ಕೆಲಸಗಳಿವೆ. ಮೊದಲನೆಯದು ಉಪಗ್ರಹ ಚಿತ್ರದ ಮೇಲೆ ರಸ್ತೆ, ಕಟ್ಟಡ, ಕೆರೆಗಳ ಗಡಿಯನ್ನು ಮೌಸ್ ಹಿಡಿದು ಎಳೆಯುವುದು. ಬೆಂಗಳೂರು, ಹೈದರಾಬಾದಿನಲ್ಲಿ ಇದು ಸಿಗುತ್ತದೆ. ದಿನಕ್ಕೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ, ಸಂಬಳ ಕಡಿಮೆ, ಕಾಂಟ್ರ್ಯಾಕ್ಟ್ ಜಾಸ್ತಿ, ಮತ್ತು ಯಂತ್ರಗಳು ಇದನ್ನು ದಿನೇ ದಿನೇ ತಮ್ಮ ಕೈಗೆ ತೆಗೆದುಕೊಳ್ಳುತ್ತಿವೆ. ಇದಕ್ಕೆ ಎಂ.ಎಸ್ಸಿ. ಬೇಕಿಲ್ಲ. ಎರಡನೆಯದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ. ಈ ಸಲ ಕಲಬುರಗಿಯಲ್ಲಿ ತೊಗರಿ ಎಷ್ಟು ಎಕರೆ ಬಿತ್ತಿದ್ದಾರೆ, ಯಾವ ಕೆರೆಯ ಅಚ್ಚುಕಟ್ಟಿನಲ್ಲಿ ನೀರು ತಲುಪಿಲ್ಲ, ಯಾವ ಗುಡ್ಡ ಜಾರಬಹುದು. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ (ದೂರಸಂವೇದಿ ಅಂದರೆ ಉಪಗ್ರಹದಂಥ ದೂರದ ಕಣ್ಣಿನಿಂದ ನೆಲ ನೋಡುವುದು), ಇಸ್ರೋದ ದೂರಸಂವೇದಿ ಸಂಸ್ಥೆಯಾದ ಎನ್‌ಆರ್‌ಎಸ್‌ಸಿಯ ಪ್ರಾದೇಶಿಕ ಕೇಂದ್ರ, ಸ್ಯಾಟ್‌ಶ್ಯೂರ್, ಪಿಕ್ಸೆಲ್‌ನಂಥ ಖಾಸಗಿ ಕಂಪನಿಗಳು, ನೀರು ಮತ್ತು ಕಾಡಿನ ಮೇಲೆ ಕೆಲಸ ಮಾಡುವ ಸಂಸ್ಥೆಗಳಿಗೆ ಬೇಕಾಗಿರುವುದು ಈ ಎರಡನೇ ಥರದವರು. ಫಿಸಿಕ್ಸ್, ಗಣಿತ ಓದಿದವರಿಗೆ ಇಲ್ಲಿ ಒಳ್ಳೆಯ ಜಾಗ ಇದೆ. ರೇಡಾರ್ ಅಲೆ ಎಲೆಗೆ ಬಡಿದು ಹೇಗೆ ಚದುರುತ್ತದೆ ಅನ್ನೋದು ಫಿಸಿಕ್ಸೇ ತಾನೆ? ನಿಮ್ಮ ಆ ಇಬ್ಬರು ಸಲಹೆಗಾರರು ಜಗಳ ಆಡುವ ಅಗತ್ಯವೇ ಇಲ್ಲ.

ಸೇರುವ ಮುಂಚೆ ರುಚಿ ನೋಡಬೇಕು ಅಂದರೆ ಡೆಹ್ರಾಡೂನಿನಲ್ಲಿರುವ ಇಸ್ರೋದ ದೂರಸಂವೇದಿ ತರಬೇತಿ ಸಂಸ್ಥೆ ಐಐಆರ್‌ಎಸ್ ನಡೆಸುವ ಉಚಿತ ಆನ್‌ಲೈನ್ ತರಗತಿಗಳಿವೆ, ಕ್ಯುಜಿಐಎಸ್ ಎಂಬ, ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್ ಇದೆ. ಒಂದು ತಿಂಗಳು ಸಂಜೆ ಹೊತ್ತು ಕೂತು ನೋಡಿ. ಸಾಫ್ಟ್‌ವೇರಿನ ಬಟನ್ ಒತ್ತುವುದನ್ನು ಕಲಿಯೋಕೆ ಅಷ್ಟು ಸಾಕು. ಅದಕ್ಕೇ ಎರಡು ವರ್ಷದ ಫೀಸು ಕಟ್ಟಬೇಡಿ.

ಪ್ರಶ್ನೆ: ನಮ್ಮ ತಂದೆ ಲೈಸೆನ್ಸ್ ಸರ್ವೇಯರ್. 11ಇ ನಕ್ಷೆ, ಪೋಡಿ, ಹದ್ದುಬಸ್ತು ಅಂತ ಜಮೀನು ಅಳೆಯುತ್ತಾ ತಾಲ್ಲೂಕೆಲ್ಲ ಓಡಾಡುತ್ತಾರೆ. ಡ್ರೋನು, ದಿಶಾಂಕ್ ಆ್ಯಪ್ ಬಂದ ಮೇಲೆ ‘ನಮ್ಮ ಕಾಲ ಮುಗೀತು, ನೀನು ಈ ಕಡೆ ಬರಬೇಡ’ ಅಂತಾರೆ. ನಾನು ಬಿಸಿಎ ಮಾಡಿದ್ದೇನೆ. ನನಗೆ ಇದೇ ಇಷ್ಟ. ಏನು ಮಾಡಲಿ ಸರ್? (ಶಿರಾ)

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆಮೇಲೆ ಈ ಲೆಕ್ಕವನ್ನು ಅವರ ಮುಂದೆ ಇಡಿ.

ಅವರ ಸರಪಳಿ 33 ಅಡಿ, ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ. ಮೀಟರಿನಲ್ಲಿ ಹೇಳಿದರೆ ಸುಮಾರು 101 ಚದರ ಮೀಟರ್. ಈಗ ಯುರೋಪಿನವರ ಸೆಂಟಿನೆಲ್-2 ಉಪಗ್ರಹ ಇದೆಯಲ್ಲ, ಅದರ ಚಿತ್ರದ ಒಂದು ಚುಕ್ಕಿ, ಅಂದರೆ ಒಂದು ಪಿಕ್ಸೆಲ್, ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್. 100 ಚದರ ಮೀಟರ್. ಹೆಚ್ಚು ಕಮ್ಮಿ ಒಂದು ಗುಂಟೆಗೆ ಒಂದು ಪಿಕ್ಸೆಲ್! ಎಕರೆಗೆ 40. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ, ಆದರೆ ನಮ್ಮ ಕಡೆಯವರಿಗೆ ಇದಕ್ಕಿಂತ ಸುಲಭದ ಲೆಕ್ಕ ಸಿಗಲಿಕ್ಕಿಲ್ಲ. ಇದರ ಮುಖ್ಯ ಉಪಗ್ರಹಗಳು ಎರಡು, ಎರಡೂ ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ತೆಗೆಯುತ್ತವೆ, ಚಿತ್ರ ಉಚಿತ. ಅಮೆರಿಕದ ಲ್ಯಾಂಡ್‌ಸ್ಯಾಟ್‌ದಾದರೆ 30 ಮೀಟರ್, ಒಂದು ಚುಕ್ಕಿಗೆ ಒಂಬತ್ತು ಗುಂಟೆ.

ಈಗ ಯೋಚಿಸಿ. ನಾಲ್ಕು ಗುಂಟೆ ಜಮೀನು ಅಂದರೆ ನಾಲ್ಕು ಚುಕ್ಕಿ. ಅದರಲ್ಲೂ ಬದುವಿನ ಮೇಲೆ ಕೂತ ಚುಕ್ಕಿಯಲ್ಲಿ ಅರ್ಧ ನಿಮ್ಮ ರಾಗಿ, ಅರ್ಧ ಪಕ್ಕದವರ ಶೇಂಗಾ. ಆ ಹೊಲದಲ್ಲಿ ಏನು ಬೆಳೆದಿದೆ ಎಂದು ಒಂದು ಮಟ್ಟಕ್ಕೆ ಹೇಳಬಹುದು. ಬದು ಎಲ್ಲಿದೆ ಎಂದು ಹೇಳೋಕೆ ಸಾಧ್ಯವೇ ಇಲ್ಲ. ಮೊಬೈಲಿನ ಜಿಪಿಎಸ್ ಬಯಲಿನಲ್ಲೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. 100 ಮೀಟರ್ ಉದ್ದದ ಬದು ಮೂರು ಮೀಟರ್ ಸರಿದರೆ 300 ಚದರ ಮೀಟರ್, ಹೆಚ್ಚೂಕಮ್ಮಿ ಮೂರು ಗುಂಟೆ. ಮೂರು ಗುಂಟೆಗೆ ನಮ್ಮಲ್ಲಿ ಕೋರ್ಟು ಕಚೇರಿ ಎಷ್ಟು ವರ್ಷ ನಡೆಯುತ್ತದೆ ಅನ್ನೋದು ನಿಮ್ಮ ತಂದೆಯವರಿಗೆ ನನಗಿಂತ ಚೆನ್ನಾಗಿ ಗೊತ್ತು.

ದಿಶಾಂಕ್ ಒಳ್ಳೆಯ ಆ್ಯಪ್. ನಿಂತ ಜಾಗದ ಸರ್ವೇ ನಂಬರ್ ತಿಳಿಯೋಕೆ, ಸೈಟು ತೆಗೆದುಕೊಳ್ಳುವ ಮುಂಚೆ ಅದು ಕೆರೆಯಂಗಳವಾ ಖರಾಬಾ ಎಂದು ನೋಡೋಕೆ ಬಹಳ ಉಪಯೋಗ. ಆದರೆ ಅದರಲ್ಲಿ ಕಾಣುವ ಗೆರೆ ಹಳೇ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ಭೂಮಿಯ ಮೇಲೆ ಕೂರಿಸಿದ ಗೆರೆ. ಸರಪಳಿಯಲ್ಲಿ ಅಳೆದು ಕಾಗದದ ಮೇಲೆ ಬರೆದದ್ದು ಉಪಗ್ರಹ ಚಿತ್ರದ ಮೇಲೆ ಕೂರುವಾಗ ಕೆಲವು ಮೀಟರ್ ಸರಿಯುತ್ತದೆ. ಅದನ್ನು ನೋಡಿಕೊಂಡು ಕಲ್ಲು ನೆಡೋಕೆ ಆಗಲ್ಲ.

ಡ್ರೋನ್ ಕಥೆಯೂ ಅಷ್ಟೇ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ, ಹಿತ್ತಲುಗಳನ್ನು ಡ್ರೋನ್‌ನಿಂದ ಅಳೆಯುತ್ತಾರೆ. ಡ್ರೋನ್ ಹಾರುವ ಮುಂಚೆ ಏನು ಮಾಡುತ್ತಾರೆ ಗೊತ್ತಾ? ಮನುಷ್ಯರು ನಡೆದು ಹೋಗಿ, ಅಕ್ಕಪಕ್ಕದವರನ್ನು ಕರೆದು ನಿಲ್ಲಿಸಿ, ಗಡಿಯ ಮೇಲೆ ಸುಣ್ಣದ ಗೆರೆ ಎಳೆಯುತ್ತಾರೆ. ಡ್ರೋನ್‌ಗೆ ಆ ಸುಣ್ಣ ಕಾಣುತ್ತದೆ. ಯಾರದ್ದು ಅನ್ನೋದು ಅದಕ್ಕೆ ಗೊತ್ತಿಲ್ಲ. ಇನ್ನು ಅಡಿಕೆ ತೋಟದ ಮೇಲೆ ಹಾರಿದರೆ ಸೋಗೆ ಕಾಣುತ್ತದೆ, ಕೆಳಗಿನ ಬಾಂದು ಕಲ್ಲು ಕಾಣಲ್ಲ.

ಹಾಗಾಗಿ ನಿಮ್ಮ ಹಾದಿ ನನಗೆ ಕಾಣುವುದು ಹೀಗೆ. ತಂದೆಯವರ ಹತ್ತಿರ ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮತ್ತು ವಿಸ್ತೀರ್ಣ, ಕಂದಾಯದ ದಾಖಲೆಯಾದ ಆಕಾರ್‌ಬಂದ್ ಓದುವುದನ್ನು ಸರಿಯಾಗಿ ಕಲಿಯಿರಿ. ಹಳೇ ಟಿಪ್ಪಣಿ ಓದುವವರು ಕಡಿಮೆಯಾಗುತ್ತಿದ್ದಾರೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಕಾರ್ಸ್ ಎಂಬ ಸ್ಥಿರ ಜಿಪಿಎಸ್ ಕೇಂದ್ರಗಳ ಜಾಲ ಇದೆ. ಅದಕ್ಕೆ ರೋವರ್ ಎಂಬ, ಕೈಯಲ್ಲಿ ಒಯ್ಯುವ ಜಿಪಿಎಸ್ ಉಪಕರಣ ಜೋಡಿಸಿದರೆ ಸೆಂಟಿಮೀಟರ್ ಮಟ್ಟದ ಅಳತೆ ಸಿಗುತ್ತದೆ. ಅದನ್ನು ಕಲಿಯಿರಿ. ಬಿಸಿಎಯಿಂದ ಡೇಟಾಬೇಸ್ ಗೊತ್ತಿರುತ್ತದೆ, ನಕ್ಷೆಯ ಮಾಹಿತಿ ಇಡುವ ಡೇಟಾಬೇಸ್ ಆದ ಪೋಸ್ಟ್‌ಜಿಐಎಸ್ ಹಿಡಿಯೋದು ಕಷ್ಟವಲ್ಲ. ಆಮೇಲೆ ಎಂ.ಎಸ್ಸಿ. ಮಾಡಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಬಿಸಿಎಯವರಿಗೂ ಅವಕಾಶ ಇರುತ್ತದೆ, ಪ್ರವೇಶ ಪ್ರಕಟಣೆಯಲ್ಲಿ ಅರ್ಹತೆಯ ಸಾಲು ಓದಿ. ಟಿಪ್ಪಣಿಯೂ ಬರುತ್ತೆ, ಪೈಥಾನೂ ಬರುತ್ತೆ ಅನ್ನುವವರನ್ನು ನಾನು ಹುಡುಕಿ ಸೋತಿದ್ದೇನೆ. ಡ್ರೋನ್ ಪೈಲಟ್ ಸರ್ಟಿಫಿಕೇಟ್ ಬೇರೆ ವಿಷಯ, ಕೆಲವು ದಿನಗಳ ತರಬೇತಿ ಅದು. ಅದನ್ನೂ ಈ ಓದನ್ನೂ ಒಂದೇ ಅಂದುಕೊಳ್ಳಬೇಡಿ.

ಅಂದ ಹಾಗೆ, ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ 1802ರಲ್ಲಿ ದೊಡ್ಡ ಸರ್ವೇ ಶುರು ಮಾಡುವ ಮುಂಚೆ 1800ರಲ್ಲಿ ಸರ್ವೇಗೆ ಆಧಾರವಾಗುವ ಗೆರೆ, ಅಂದರೆ ಬೇಸ್‌ಲೈನ್ ಅಳೆದದ್ದು ನಮ್ಮ ಬೆಂಗಳೂರಿನ ಹತ್ತಿರ. ಇದನ್ನೂ ತಂದೆಯವರಿಗೆ ಹೇಳಿ, ಖುಷಿಪಡುತ್ತಾರೆ.

ಪ್ರಶ್ನೆ: ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದೇನೆ. ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆ ಬರೆದು ಈ ಕಡೆ ಬರಬೇಕೆಂದಿದ್ದೇನೆ. ಸಿವಿಲ್ ಪೇಪರ್ ಬರೆಯಲಾ, ಜಿಯೋಮ್ಯಾಟಿಕ್ಸ್ ಬರೆಯಲಾ? (ದಾವಣಗೆರೆ)

ಉತ್ತರ: ಜಿಯೋಮ್ಯಾಟಿಕ್ಸ್ ಇಂಜಿನಿಯರಿಂಗ್ ಎಂಬ ಪ್ರತ್ಯೇಕ ಪೇಪರ್ ಗೇಟ್‌ನಲ್ಲಿ ಬಂದದ್ದು 2022ರಲ್ಲಿ. ಗಣಿತ, ದೂರಸಂವೇದಿ, ಜಿಪಿಎಸ್, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆಗೆ ಮಾಹಿತಿ ಜೋಡಿಸುವ ವಿದ್ಯೆ) ಎಲ್ಲರಿಗೂ ಸಾಮಾನ್ಯ. ಆಮೇಲೆ ಸರ್ವೇ ಭಾಗ ಅಥವಾ ಇಮೇಜ್ ಪ್ರೊಸೆಸಿಂಗ್ ಭಾಗ, ಎರಡರಲ್ಲಿ ಒಂದು. ಸಿವಿಲ್‌ನವರಿಗೆ ಸರ್ವೇ ಭಾಗ ಪರಿಚಯದ್ದೇ. ಗೇಟ್‌ನಲ್ಲಿ ಎರಡು ಪೇಪರ್ ಬರೆಯಬಹುದು, ನಿಗದಿ ಮಾಡಿದ ಜೋಡಿಗಳಲ್ಲಿ ಮಾತ್ರ. ಆ ವರ್ಷದ ಕೈಪಿಡಿಯಲ್ಲಿ ಜೋಡಿ ನೋಡಿಕೊಂಡು ಎರಡನ್ನೂ ಬರೆಯಿರಿ. ಸಿವಿಲ್‌ನಲ್ಲಿ ಪೈಪೋಟಿ ಜಾಸ್ತಿ, ಆದರೆ ಬಾಗಿಲುಗಳೂ ಜಾಸ್ತಿ.

ಎಲ್ಲಿಗೆ ಅಂದರೆ: ಐಐಟಿ ಬಾಂಬೆಯ ಸಂಪನ್ಮೂಲ ಅಧ್ಯಯನ ಕೇಂದ್ರ, ರೂರ್ಕಿ ಮತ್ತು ಕಾನ್ಪುರದ ಸಿವಿಲ್ ವಿಭಾಗಗಳು, ಸುರತ್ಕಲ್. ಐಐಟಿ, ಎನ್‌ಐಟಿಗಳಲ್ಲಿ ಗೇಟ್ ಮೂಲಕ ಹೋದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ. ಐಐಆರ್‌ಎಸ್‌ನಲ್ಲಿ ಎಂ.ಟೆಕ್.ಗೆ ಕೃಷಿ, ಅರಣ್ಯ, ಜಲ, ನಗರ ಎಂದು ಬೇರೆ ಬೇರೆ ವಿಭಾಗಗಳಿವೆ. ಇದು 1966ರಲ್ಲಿ ವಿಮಾನದಿಂದ ತೆಗೆದ ಚಿತ್ರಗಳನ್ನು ಓದುವುದನ್ನು ಕಲಿಸಲೆಂದು ನೆದರ್ಲೆಂಡ್ಸ್‌ನವರ ಸಹಕಾರದಲ್ಲಿ ಶುರುವಾದ ಸಂಸ್ಥೆ, ಈಗ ಇಸ್ರೋದ್ದು. ಲ್ಯಾಬು, ಲೈಬ್ರರಿ, ಫೀಲ್ಡ್ ಮೂರೂ ಗಟ್ಟಿ. ನನ್ನನ್ನು ಕೇಳಿದರೆ, ಮುಂದೆ ನೀರು ಅಥವಾ ಕಾಡಿನ ಕೆಲಸ ಮಾಡುವವರಿಗೆ ಡೆಹ್ರಾಡೂನ್, ಅಲ್ಗಾರಿದಮ್ ಬರೆಯುವ ಆಸೆ ಇರುವವರಿಗೆ ಬಾಂಬೆ ಅಥವಾ ಕಾನ್ಪುರ.

ಪ್ರಶ್ನೆ: ಎಂ.ಎಸ್ಸಿ. ಕೊನೆಯ ಸೆಮಿಸ್ಟರ್. ನಮ್ಮ ಜಿಲ್ಲೆಯ ಕಾಫಿ ತೋಟಗಳ ನಕ್ಷೆ ಮಾಡುತ್ತಿದ್ದೇನೆ, ಸೆಂಟಿನೆಲ್-2 ಚಿತ್ರ, ರ‍್ಯಾಂಡಮ್ ಫಾರೆಸ್ಟ್ ಎಂಬ ಯಂತ್ರ ಕಲಿಕೆಯ ವಿಧಾನ. 96% ನಿಖರತೆ ಬಂದಿದೆ. ಗೈಡ್ ಒಪ್ಪಿದ್ದಾರೆ. ಆದರೆ ನಮ್ಮ ತೋಟವನ್ನೇ ಅದು ಕಾಡು ಅಂತ ತೋರಿಸುತ್ತಿದೆ! ಯಾರನ್ನು ನಂಬಲಿ? (ಚಿಕ್ಕಮಗಳೂರು)

ಉತ್ತರ: ನಿಮ್ಮ ತೋಟವನ್ನು ನಂಬಿ. ಈ ತಿಂಗಳ ಅತ್ಯುತ್ತಮ ಪ್ರಶ್ನೆ ನಿಮ್ಮದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು, ಉಪಗ್ರಹಕ್ಕೆ ಕಾಫಿ ಗಿಡ ಕಾಣುವುದೇ ಇಲ್ಲ. ನಮ್ಮಲ್ಲಿ ಕಾಫಿ ಬೆಳೆಯುವುದು ನೆರಳಿನಲ್ಲಿ. ಮೇಲಿನಿಂದ ಕಾಣುವುದು ಅತ್ತಿ, ಬಸರಿ, ಹಲಸು, ಸಿಲ್ವರ್ ಓಕ್ ತಲೆಗಳು. ಹಳೇ ಕಾಲದ ದಟ್ಟ ನೆರಳಿನ ತೋಟ ಆದರೆ ಪಕ್ಕದ ಶೋಲೆ ಕಾಡಿಗೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಡಿಮೆ. ಹಸಿರು ಎಷ್ಟಿದೆ ಎಂದು ಹೇಳುವ ಎನ್‌ಡಿವಿಐ ಸೂಚ್ಯಂಕ ಎರಡರಲ್ಲೂ ಹತ್ತಿರ ಹತ್ತಿರ ಬರುತ್ತದೆ. ಮಳೆಗಾಲದಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮೇಲೆ ಮೋಡ ಬಿಟ್ಟು ಬೇರೇನೂ ಕಾಣಲ್ಲ. ನೀವು ಬಹುಶಃ ಜನವರಿಯ ಒಂದೇ ಒಂದು ಸ್ವಚ್ಛ ಚಿತ್ರ ತೆಗೆದುಕೊಂಡಿರುತ್ತೀರಿ. ಹೌದಾ? ಫೆಬ್ರವರಿ, ಮಾರ್ಚ್‌ನ ಚಿತ್ರಗಳನ್ನೂ ಸೇರಿಸಿ. ಎಲೆ ಉದುರಿಸುವ ಕಾಡು ಆಗ ಬೋಳಾಗುತ್ತದೆ, ನೆರಳು ಮರ ಕಸಿ ಮಾಡಿದ, ಅಂದರೆ ಕೊಂಬೆ ಸವರಿದ ತೋಟದಲ್ಲೂ ಬದಲಾವಣೆ ಕಾಣುತ್ತದೆ, ನಿತ್ಯಹರಿದ್ವರ್ಣ ಕಾಡು ಹಾಗೇ ಇರುತ್ತದೆ. ಒಂದು ದಿನದ ಬಣ್ಣಕ್ಕಿಂತ ವರ್ಷದ ಏರಿಳಿತ ಜಾಸ್ತಿ ಹೇಳುತ್ತದೆ.

ಮೋಡ ತೂರಿ ನೋಡೋಕೆ ರೇಡಾರ್ ಬೇಕು. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಚಿತ್ರ ಉಚಿತವಾಗಿ ಸಿಗುತ್ತದೆ. ಭತ್ತಕ್ಕೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನಾಟಿ ಮಾಡುವಾಗ ಗದ್ದೆಯಲ್ಲಿ ನೀರು ನಿಂತಿರುತ್ತದಲ್ಲ, ರೇಡಾರ್ ಅಲೆ ನೀರಿಗೆ ತಾಗಿ ಆಚೆ ಜಾರಿ ಹೋಗುತ್ತದೆ, ಗದ್ದೆ ಕಪ್ಪಗೆ ಕಾಣುತ್ತದೆ, ಪೈರು ಬೆಳೆದಂತೆ ಬೆಳ್ಳಗಾಗುತ್ತಾ ಬರುತ್ತದೆ. ಕಾಫಿಗೆ ಅಷ್ಟು ಸುಲಭವಿಲ್ಲ, ಏಕೆಂದರೆ ಸೆಂಟಿನೆಲ್-1ರ ಅಲೆ ಮರದ ಮೇಲ್ಗಡೆ ಎಲೆಗಳಲ್ಲೇ ಚದುರಿ ವಾಪಸ್ ಬರುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೋದ ಜಂಟಿ ಉಪಗ್ರಹ ನಿಸಾರ್‌ನಲ್ಲಿ ಉದ್ದ ಅಲೆಯ ಎಲ್-ಬ್ಯಾಂಡ್ ರೇಡಾರ್ ಇದೆ, ಅದು ಎಲೆ ದಾಟಿ ಒಳಗೆ ಹೋಗುತ್ತದೆ. ನಿಮ್ಮ ಮುಂದಿನ ಬ್ಯಾಚಿನವರಿಗೆ ಅಲ್ಲಿ ಒಳ್ಳೆಯ ವಿಷಯ ಇದೆ.

ಎರಡನೆಯದು ಆ 96%. ತರಬೇತಿಗೆ ಮತ್ತು ಪರೀಕ್ಷೆಗೆ ಚುಕ್ಕಿಗಳನ್ನು ಹೇಗೆ ಬೇರೆ ಮಾಡಿದಿರಿ? ಎಲ್ಲ ಚುಕ್ಕಿಗಳನ್ನು ಕಲಸಿ ಎಪ್ಪತ್ತು ಇಲ್ಲಿಗೆ, ಮೂವತ್ತು ಅಲ್ಲಿಗೆ ಅಂತ ಹಂಚಿದ್ದರೆ ಒಂದೇ ತೋಟದ ಚುಕ್ಕಿ ಎರಡೂ ಕಡೆ ಕೂತಿರುತ್ತದೆ. ಪರೀಕ್ಷೆಗೆ ಬರುವ ಪ್ರಶ್ನೆಯನ್ನೇ ಹಿಂದಿನ ರಾತ್ರಿ ಹೇಳಿಕೊಟ್ಟ ಹಾಗೆ. ಹತ್ತಿರದ ಜಾಗಗಳು ದೂರದ ಜಾಗಗಳಿಗಿಂತ ಒಂದಕ್ಕೊಂದು ಜಾಸ್ತಿ ಹೋಲುತ್ತವೆ ಎಂದು ಭೂಗೋಳಶಾಸ್ತ್ರಜ್ಞ ವಾಲ್ಡೊ ಟಾಬ್ಲರ್ 1970ರಲ್ಲೇ ಬರೆದಿದ್ದರು. ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಅದನ್ನು ಓದುತ್ತಾರೆ, ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಮರೆಯುತ್ತಾರೆ. ಹೀಗೆ ಮಾಡಿ: ಮೂಡಿಗೆರೆಯ ಚುಕ್ಕಿಗಳಿಂದ ಕಲಿಸಿ, ಕೊಪ್ಪದ ಚುಕ್ಕಿಗಳ ಮೇಲೆ ಪರೀಕ್ಷೆ ಮಾಡಿ. ಆಮೇಲೆ ತಿರುಗಿಸಿ. ಸಂಖ್ಯೆ ಖಂಡಿತ ಇಳಿಯುತ್ತದೆ. ಇಳಿದ ಆ ಸಂಖ್ಯೆಯೇ ನಿಮ್ಮ ನಿಜವಾದ ಫಲಿತಾಂಶ.

ಇನ್ನೊಂದು. ಒಟ್ಟು ನಿಖರತೆ ಒಂದನ್ನೇ ಬರೆಯಬೇಡಿ. ನೀರು, ಊರು, ಬಯಲು ಇವನ್ನು ಯಾರು ಬೇಕಾದರೂ ಸರಿಯಾಗಿ ಗುರುತಿಸುತ್ತಾರೆ, ಅವೇ ಸರಾಸರಿಯನ್ನು ಮೇಲೆತ್ತುತ್ತವೆ. ಕಾಫಿ ಮತ್ತು ಕಾಡಿನ ನಡುವಿನ ಗೊಂದಲ ಎಷ್ಟು ಎಂಬುದನ್ನು ಬೇರೆ ಕೋಷ್ಟಕದಲ್ಲಿ ಕೊಡಿ. ನಿಜವಾದ ಕಾಫಿಯಲ್ಲಿ ಎಷ್ಟನ್ನು ಹಿಡಿದಿರಿ, ನೀವು ಕಾಫಿ ಅಂದದ್ದರಲ್ಲಿ ಎಷ್ಟು ನಿಜಕ್ಕೂ ಕಾಫಿ, ಎರಡೂ ಬೇರೆ ಬೇರೆ ಪ್ರಶ್ನೆಗಳು. ಮತ್ತು ನಿಮ್ಮ ತೋಟ ಯಾಕೆ ಕಾಡಾಯಿತು ಅನ್ನೋದಕ್ಕೇ ಒಂದು ಅಧ್ಯಾಯ ಬರೆಯಿರಿ. ನೆರಳು ಎಷ್ಟು ದಟ್ಟ, ಯಾವ ಮರ, ಕೊನೆಯ ಸಲ ಯಾವಾಗ ಕಸಿ ಆಯಿತು. ವೈವಾದಲ್ಲಿ ಹೊರಗಿನ ಪರೀಕ್ಷಕರು ಕೂರಿಸಿಕೊಂಡು ಮಾತಾಡುವುದು ಆ ಅಧ್ಯಾಯದ ಬಗ್ಗೆಯೇ. ಗೈಡ್‌ಗೆ ಬೇಜಾರಾಗದ ಹಾಗೆ ಹೇಳುವ ದಾರಿ: ‘ಸರ್, ಇನ್ನೊಂದು ವಿಧಾನದಲ್ಲೂ ಪರೀಕ್ಷೆ ಮಾಡಿದೆ, ಎರಡನ್ನೂ ಹಾಕಲಾ?’ ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ.

ಪ್ರಶ್ನೆ: ಐಟಿ ಕಂಪನಿಯಲ್ಲಿ ಕೆಲಸ, ಪೈಥಾನ್ ಚೆನ್ನಾಗಿ ಬರುತ್ತದೆ. ಮ್ಯಾಪ್ ಡೇಟಾ ಕಡೆ ಹೊರಳಬೇಕು. ಕೆಲಸ ಬಿಟ್ಟು ಎಂ.ಎಸ್ಸಿ. ಮಾಡಬೇಕಾ? (ಬೆಂಗಳೂರು)

ಉತ್ತರ: ಬೇಡ, ಈಗಲೇ ಬೇಡ. ನಿಮಗೆ ಕೊರತೆ ಇರುವುದು ಭೂಮಿಯ ಬಗ್ಗೆ, ಕೋಡ್ ಬಗ್ಗೆ ಅಲ್ಲ. ಪೈಥಾನಿನಲ್ಲಿ ನಕ್ಷೆಯ ಡೇಟಾ ನಿಭಾಯಿಸುವ ಜಿಯೋಪಾಂಡಾಸ್ ಒಂದು ವಾರದಲ್ಲಿ ಬರುತ್ತದೆ. ಆಮೇಲೆ ಶುರುವಾಗುವ ತಮಾಷೆಗಳು ಬೇರೆ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59. ಎರಡನ್ನೂ ಅದಲು ಬದಲು ಮಾಡಿದರೆ ನಿಮ್ಮ ಕಚೇರಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂರುತ್ತದೆ. ಎರರ್ ಬರಲ್ಲ! ಕೆರೆಯ ಸುತ್ತ 500 ಮೀಟರ್ ಬಫರ್, ಅಂದರೆ ಅಂಚಿನ ಪಟ್ಟಿ ಹಾಕಬೇಕು ಅಂತ 500 ಎಂದು ಬರೆದರೆ, ನಿಮ್ಮ ಡೇಟಾ ಡಿಗ್ರಿಯಲ್ಲಿದ್ದರೆ ಅದು 500 ಡಿಗ್ರಿ ಆಗುತ್ತದೆ. ಮೀಟರಿಗೆ ಬದಲಿಸೋಣ ಅಂತ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) ವಲಯ 43 ತೆಗೆದುಕೊಂಡರೆ ಕರ್ನಾಟಕದ ಬಹುಪಾಲಿಗೆ ಸರಿ. ಆದರೆ ಆ ವಲಯ 78 ಡಿಗ್ರಿ ರೇಖಾಂಶಕ್ಕೆ ಮುಗಿಯುತ್ತದೆ. ಕೋಲಾರ, ಮುಳಬಾಗಿಲು, ಕೆಜಿಎಫ್ ಅದರಾಚೆ, ವಲಯ 44ರಲ್ಲಿ. ಎರಡು ಇಲಾಖೆ ಎರಡು ವಲಯದಲ್ಲಿ ಕೊಟ್ಟ ಕೋಲಾರದ ಡೇಟಾವನ್ನು ನೋಡದೆ ಬೆರೆಸಿದರೆ ಒಂದು ಪದರ ಎಲ್ಲೋ ದೂರ ಹೋಗಿ ಬೀಳುತ್ತದೆ.

ಹೆಸರುಗಳ ಗೋಳು ಇನ್ನೂ ಜಾಸ್ತಿ. ಹೊಸಹಳ್ಳಿ ಎಷ್ಟಿವೆ ಕರ್ನಾಟಕದಲ್ಲಿ? ಒಂದು ಪಟ್ಟಿಯಲ್ಲಿ ಹೊಸಹಳ್ಳಿ, ಇನ್ನೊಂದರಲ್ಲಿ ಹೊಸಳ್ಳಿ, ಮತ್ತೊಂದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮೂರು ಥರ. ಹೆಸರಿನಿಂದ ಎರಡು ಪಟ್ಟಿಗಳನ್ನು ಜೋಡಿಸೋಕೆ ಹೋಗಬೇಡಿ, ಜನಗಣತಿಯ ಗ್ರಾಮ ಕೋಡ್ ಅಥವಾ ಕೇಂದ್ರ ಸರ್ಕಾರದ ಸ್ಥಳೀಯಾಡಳಿತ ಪಟ್ಟಿಯ ಎಲ್‌ಜಿಡಿ ಕೋಡ್ ಹುಡುಕಿ. ಹಳೇ ಕಚೇರಿ ಕಡತ ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರದಲ್ಲಿದ್ದರೆ ಮೊದಲು ಅದನ್ನು ಯೂನಿಕೋಡ್ ಮಾಡಿಕೊಳ್ಳಿ. ಶೇಪ್‌ಫೈಲ್‌ನಲ್ಲಿ (ನಕ್ಷೆಯ ಡೇಟಾ ಇಡುವ ಹಳೇ ಥರದ ಫೈಲ್) ಕಾಲಂ ಹೆಸರಿಗೆ ಹತ್ತೇ ಅಕ್ಷರ, ಕನ್ನಡ ಹಾಕಿದರೆ ಎಷ್ಟೋ ಸಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಅದರ ಬದಲು ಜಿಯೋಪ್ಯಾಕೇಜ್ ಫೈಲ್ ಬಳಸಿ.

ಉಪಗ್ರಹ ಚಿತ್ರಗಳನ್ನು ಇಂಟರ್ನೆಟ್ ಮೂಲಕವೇ ಲೆಕ್ಕ ಹಾಕುವ ಗೂಗಲ್ ಅರ್ಥ್ ಎಂಜಿನ್ ಸಂಶೋಧನೆಗೆ ಉಚಿತ, ಎನ್‌ಆರ್‌ಎಸ್‌ಸಿಯ ಭೂನಿಧಿ ಜಾಲತಾಣದಲ್ಲಿ ನಮ್ಮ ಉಪಗ್ರಹಗಳ ಚಿತ್ರ ಸಿಗುತ್ತದೆ. ನಿಮ್ಮ ಬಡಾವಣೆಯ ಕೆರೆಯೊಂದನ್ನು ಹಿಡಿದು ಅದರ ನೀರಿನ ಹರವು ವರ್ಷ ವರ್ಷ ಹೇಗೆ ಬದಲಾಗಿದೆ ಎಂದು ಮಾಡಿ ನೋಡಿ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದ ಮೇಲೆ ಭಾರತೀಯ ಕಂಪನಿಗಳಿಗೆ ನಕ್ಷೆ ಮಾಡೋಕೆ ಮೊದಲಿನಂತೆ ಮುಂಗಡ ಅನುಮತಿಗೆ ಕಾಯಬೇಕಿಲ್ಲ, ಹಾಗಾಗಿ ನಿಮ್ಮಂಥವರಿಗೆ ಹೊಸ ಕಂಪನಿಗಳಲ್ಲಿ ಕೆಲಸ ಇದೆ. ವರ್ಷ ಕಳೆದ ಮೇಲೂ ಆಸೆ ಇದ್ದರೆ ಆಗ ಓದಿ.

ಪ್ರಶ್ನೆ: ಜರ್ಮನಿಯಲ್ಲಿ ಫೀಸ್ ಇಲ್ಲ ಅಂತಾರೆ, ನೆದರ್ಲೆಂಡ್ಸ್ ಈ ವಿಷಯಕ್ಕೆ ಒಳ್ಳೆಯದು ಅಂತಾರೆ. ಮಗಳನ್ನು ಎಲ್ಲಿಗೆ ಕಳಿಸಲಿ? (ಉಡುಪಿ)

ಉತ್ತರ: ಎರಡೂ ಅರ್ಧ ನಿಜ. ಮುನ್‌ಸ್ಟರ್ ವಿಶ್ವವಿದ್ಯಾಲಯದಲ್ಲಿ ಜಿಯೋಇನ್ಫರ್ಮ್ಯಾಟಿಕ್ಸ್ ಇದೆ, ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊರಗಿನವರಿಗೆ ಫೀಸ್ ಹಾಕಿದೆ. ಫೀಸ್ ಇಲ್ಲದಿದ್ದರೂ ವೀಸಾಗೆ, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಜೊತೆಗೆ ನಮ್ಮ ಅಂಕಪಟ್ಟಿಗಳನ್ನು ಜರ್ಮನಿಯವರು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಹಾಕಿ.

ನೆದರ್ಲೆಂಡ್ಸ್‌ನ ಐಟಿಸಿ 1950ರಿಂದ ಇದೇ ಕೆಲಸ ಮಾಡುತ್ತಿದೆ, ಈಗ ಎನ್‌ಸ್ಕೆಡೆಯಲ್ಲಿ ಟ್ವೆಂಟೆ ವಿಶ್ವವಿದ್ಯಾಲಯದ ಭಾಗ. ಪಾಠ ಚೆನ್ನಾಗಿದೆ, ಫೀಸ್ ಭಾರಿ. ವಿದ್ಯಾರ್ಥಿವೇತನ ಇಲ್ಲದೆ ಸಾಲ ಮಾಡಿ ಹೋಗಿ ಅಂತ ನಾನು ಹೇಳಲ್ಲ. ಮೊದಲು ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಕೋರ್ಸುಗಳಿಗೆ ಪ್ರಯತ್ನಿಸಲಿ: ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಮುಂದಾಳತ್ವದ ಡಿಜಿಟಲ್ ಅರ್ಥ್ ಕೋರ್ಸ್, ಮುನ್‌ಸ್ಟರ್, ಲಿಸ್ಬನ್, ಕಸ್ತಯೋನ್ ಮೂರೂ ಸೇರಿ ನಡೆಸುವ ಜಿಯೋಸ್ಪೇಷಿಯಲ್ ಟೆಕ್ನಾಲಜೀಸ್. ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕಿದರೆ ಫೀಸ್ ಇಲ್ಲ, ತಿಂಗಳಿಗೆ 1,400 ಯೂರೋ ಬರುತ್ತದೆ. ಅದರ ಅರ್ಜಿಗೆ ಕಡಲ್ಕೊರೆತದ ಮೇಲೋ ಮೀನುಗಾರಿಕೆಯ ಮೇಲೋ ಸ್ವಂತ ಕೆಲಸ ಒಂದನ್ನು ಮಾಡಿ ತೋರಿಸಿದರೆ ತೂಕ ಜಾಸ್ತಿ. ಉಡುಪಿಯವರಿಗೆ ವಿಷಯ ಮನೆ ಬಾಗಿಲಲ್ಲೇ ಇದೆ.

ಪ್ರಶ್ನೆ: ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳಲಿ? (ತುಂಬಾ ಊರುಗಳಿಂದ)

ಉತ್ತರ: 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಬ್ರ್ಯಾಂಡ್ ಯಾವುದಾದರೂ ಆಗಲಿ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯಬೇಡಿ, ಭಾರದ ಲೆಕ್ಕವನ್ನು ಅರ್ಥ್ ಎಂಜಿನ್ ಗೂಗಲ್‌ನ ಕಂಪ್ಯೂಟರಿನಲ್ಲೇ ಮಾಡುತ್ತದೆ. ಉಳಿದ ದುಡ್ಡಿನಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ.

ಪ್ರಶ್ನೆ: ನಾನು ಬಿ.ಎ., ಭೂಗೋಳ. ಗಣಿತ ಪಿಯುಸಿಯಲ್ಲೂ ಇರಲಿಲ್ಲ. ನನಗೆ ಇದು ಆಗುತ್ತಾ ಮೇಡಂ/ಸರ್? (ಸಿಂಧನೂರು)

ಉತ್ತರ: ಆಗುತ್ತದೆ, ಆದರೆ ಎಂ.ಟೆಕ್. ದಾರಿಯಲ್ಲಿ ಅಲ್ಲ. ಎಂ.ಎ. ಅಥವಾ ಎಂ.ಎಸ್ಸಿ. ಭೂಗೋಳಕ್ಕೆ ಸೇರಿ, ಅದರೊಳಗೆ ಜಿಐಎಸ್ ಪತ್ರಿಕೆಗಳನ್ನು ತೆಗೆದುಕೊಳ್ಳಿ. ಗಣಿತಕ್ಕೆ ಹೆದರಬೇಡಿ. ಹತ್ತನೇ ತರಗತಿಯ ತ್ರಿಕೋನಮಿತಿ, ಸರಾಸರಿ, ಶೇಕಡಾ, ಇಷ್ಟರಿಂದ ಶುರು ಮಾಡಿ, ಆಮೇಲೆ ಅಂಕಿಅಂಶ ಶಾಸ್ತ್ರದ ಮೊದಲ ಪುಸ್ತಕ. ಎನ್‌ಡಿವಿಐ ಅಂದರೆ ಒಂದು ಕಳೆಯುವುದು, ಒಂದು ಕೂಡುವುದು, ಒಂದು ಭಾಗಿಸುವುದು, ಅಷ್ಟೇ. ಮತ್ತು ನಿಮ್ಮೂರು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟು. ಮೇಲ್ಭಾಗದವರಿಗೆ ನೀರು, ಕೆಳಭಾಗದವರಿಗೆ ಕಾಯುವುದು ಎಂಬ ಗಲಾಟೆ ಪ್ರತಿ ವರ್ಷ ಪೇಪರಿನಲ್ಲಿ ಬರುತ್ತದಲ್ಲ. ನಾಟಿ ಯಾವ ಉಪಕಾಲುವೆಯಲ್ಲಿ ಯಾವ ವಾರ ಶುರುವಾಯಿತು ಎಂದು ಸೆಂಟಿನೆಲ್-1 ಚಿತ್ರದಲ್ಲಿ ನೋಡಬಹುದು, ಆಮೇಲೆ ಬೈಕು ಹತ್ತಿ ಹೋಗಿ ರೈತರನ್ನೇ ಕೇಳಿ ತಾಳೆ ನೋಡಬಹುದು. ಎರಡನೇ ಕೆಲಸ ಮಾಡೋಕೆ ನಿಮಗಿರುವ ಅನುಕೂಲ ಐಐಟಿಯವರಿಗಿಲ್ಲ. ಪ್ರವೇಶದ ಅರ್ಜಿ ಕರೆಯುವುದು ಸಾಮಾನ್ಯವಾಗಿ ಡಿಗ್ರಿ ಫಲಿತಾಂಶದ ಆಸುಪಾಸಿನಲ್ಲಿ, ಹಾಗಾಗಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.